ಕೆಂಪವ್ವನ ಎಡಗಾಲು

ಕೆಂಪವ್ವ ಯಾರನ್ನೂ ಸುಮ್ಮಸುಮ್ಮನೆ ನಂಬುವ ಹೆಂಗಸಲ್ಲ. ಹಾಲಿನವಳು ಅಳೆದು ಕೊಟ್ಟ ಹಾಲನ್ನು ಆಕೆ ತನ್ನ ಮನೆಯ ತಂಬಿಗೆಯಲ್ಲಿ ಮತ್ತೊಮ್ಮೆ ಅಳೆಯುತ್ತಿದ್ದಳು. ಬಳೆಗಾರ ಬಂದರೆ ಮೇಲಿನ ಬಳೆಗಳನ್ನು ಮುಟ್ಟದೆ ಗಂಟಿನ ತಳದವನ್ನೇ ತೆಗೆಸುತ್ತಿದ್ದಳು, ಒಡಕು ಬಳೆಗಳನ್ನು ಆತ ಮೇಲೆ ಇಟ್ಟಿರುತ್ತಾನೆ ಎಂದು. ಇಡೀ ಮಮದಾಪುರದಲ್ಲಿ ಆಕೆ ಕಣ್ಣು ಮುಚ್ಚಿ ನಂಬಿದ್ದು ತನ್ನ ಎಡಗಾಲು ಒಂದನ್ನೇ.

ಅದಕ್ಕೆ ಕಾರಣವಿತ್ತು. ಲೋಕದ ಕೂಸುಗಳೆಲ್ಲ ತಲೆ ಮುಂದಾಗಿ ಹುಟ್ಟಿದರೆ ಕೆಂಪವ್ವ ಕಾಲು ಮುಂದಾಗಿ ಹುಟ್ಟಿದವಳು, ಅದರಲ್ಲೂ ಎಡಗಾಲು ಮೊದಲು. ಅಂಥವರ ಕಾಲು ತಾಗಿದರೆ ಹಿಡಿದ ಟೊಂಕ ಬಿಡುತ್ತದೆ, ಬೆನ್ನಿನ ಚಳಕು ಹೋಗುತ್ತದೆ ಎಂಬುದು ಆ ಸೀಮೆಯಲ್ಲಿ ಸಣ್ಣ ಹುಡುಗರಿಗೂ ಗೊತ್ತಿದ್ದ ಮಾತು. ಮರಾಠಿ ಮಂದಿ ಇಂಥವರನ್ನು ಪಾಯಾಳು ಎನ್ನುತ್ತಾರೆ. ಮಳೆಗಾಲದಲ್ಲಿ ಗುಡುಗು ಶುರುವಾದರೆ ಮಾತ್ರ ಎಲ್ಲರೂ ಆಕೆಯನ್ನು ಮನೆಯೊಳಗೆ ಅಟ್ಟುತ್ತಿದ್ದರು, ಇಂಥವರ ಮೇಲೆ ಸಿಡಿಲಿಗೆ ಕಣ್ಣು ಹೆಚ್ಚಂತೆ. ಅದೊಂದು ತೊಂದರೆ ಬಿಟ್ಟರೆ ಉಳಿದದ್ದೆಲ್ಲ ಮರ್ಯಾದೆಯೇ.

ಗೋಕಾಕ ಫಾಲ್ಸಿನ ಗಿರಣಿಗೆ ಹೋಗುವವರು, ಮೂಡಲಗಿ ಪೇಟೆಯ ಹಮಾಲರು, ಸುತ್ತಿನ ಹಳ್ಳಿಗಳ ಒಕ್ಕಲಿಗರು ರವಿವಾರ ಹೊತ್ತು ಮೂಡುವ ಮೊದಲು ಬಂದು ಆಕೆಯ ಹೊಸ್ತಿಲ ಮುಂದೆ ಬೋರಲು ಮಲಗುತ್ತಿದ್ದರು. ಯಾರೂ ಮಾತಾಡುವಂತಿಲ್ಲ. ಕೆಂಪವ್ವ ಸ್ನಾನ ಮಾಡಿ ಒದ್ದೆಗಾಲಿನಲ್ಲೇ ಬಂದು, ಎಡಗಾಲನ್ನು ಬೆನ್ನಿಗೆ ಮೂರು ಸಲ ತಾಗಿಸಿ, ನಾಲ್ಕನೆಯ ಸಲ ತುಳಿಯುವಳು. ಹೀಗೆ ಮೂರು ರವಿವಾರ. ದುಡ್ಡು ಮುಟ್ಟುತ್ತಿರಲಿಲ್ಲ, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಅಷ್ಟೇ.

ಚಿಕ್ಕವಳಿದ್ದಾಗ ಅವಳ ಅವ್ವ ಕೈ ಹಿಡಿದು ನಿಲ್ಲಿಸಿ ಬರೀ ಹೆಬ್ಬೆರಳು ತಾಗಿಸುತ್ತಿದ್ದಳು. ಮದುವೆಯಾಗಿ ಮಮದಾಪುರಕ್ಕೆ ಬಂದ ಮೇಲೆ ಮೈಯೂ ಬೆಳೆಯಿತು, ಹೆಸರೂ ಬೆಳೆಯಿತು. ಬಂದವರಿಗೆ ಹೆಬ್ಬೆರಳು ಸಾಲದಾಯಿತು. ಬೆನ್ನು 'ಕಟಕ್' ಎಂದರೇನೇ ಅವರಿಗೆ ಸಮಾಧಾನ. ಗುಣವಾದವರು ಊರೂರಲ್ಲಿ ಹೇಳಿಕೊಂಡು ತಿರುಗಿದರು. ಗುಣವಾಗದವರು ತಿರುಗಿ ಬರಲಿಲ್ಲ. ಅವರಿಗೆ ನಂಬಿಕೆ ಸಾಲದು ಎಂದು ಕೆಂಪವ್ವ ತೀರ್ಮಾನ ಮಾಡಿಬಿಟ್ಟಿದ್ದಳು.

ಬೆಳಗಾವಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಕೆಂಪವ್ವನ ಒಬ್ಬನೇ ಮಗ ಸಾತಪ್ಪನ ಟೊಂಕ ಹಿಡಿಯಿತು. ಕೆಸರಿನಲ್ಲಿ ಹೂತ ಗಾಡಿಯ ಗಾಲಿಗೆ ಹೆಗಲು ಕೊಟ್ಟು ಎತ್ತುವಾಗ ನಡುವಿನಲ್ಲಿ ಏನೋ ಹರಿದಂತಾಯಿತಂತೆ. ಸಾತಪ್ಪ ಮೂವತ್ತು ದಾಟಿದ ಗಟ್ಟಿ ಆಳು, ಮನೆಯ ನಾಲ್ಕೆಕರೆ ಹೊಲವೆಲ್ಲ ಅವನ ರಟ್ಟೆಯ ಮೇಲೆಯೇ ನಿಂತಿತ್ತು. ಗಂಡ ತೀರಿಹೋದ ಮೇಲೆ ಕೆಂಪವ್ವನಿಗೆ ಅವನೇ ಎಲ್ಲ.

"ಹೆದರಬ್ಯಾಡ. ಮೂರು ರವಿವಾರದಾಗ ಕುಣದಾಡತಿ" ಎಂದಳು ಕೆಂಪವ್ವ.

ಮೊದಲ ರವಿವಾರ ತುಳಿದಳು. ಸ್ವಲ್ಪ ಹಗುರಾಯಿತು ಎಂದ ಸಾತಪ್ಪ. ಎರಡನೆಯ ರವಿವಾರ ಏನೂ ಅನ್ನಲಿಲ್ಲ. ಮೂರನೆಯ ರವಿವಾರದ ಹೊತ್ತಿಗೆ ಸುದ್ದಿ ಹಬ್ಬಿ ಓಣಿಯ ಮಂದಿಯೆಲ್ಲ ನೆರೆದಿದ್ದರು. ಊರಿಗೆಲ್ಲ ಗುಣ ಕೊಟ್ಟವಳು ಮಗನಿಗೆ ಕೊಡಲಾರಳೇ ಎಂದು ನೋಡುವ ಚಟ. ಕೆಂಪವ್ವನಿಗೆ ಆ ನೋಟ ಸಹಿಸಲಾಗಲಿಲ್ಲ. ಗೋಡೆ ಹಿಡಿದು ಎರಡೂ ಕಾಲನ್ನು ಮಗನ ಟೊಂಕದ ಮೇಲಿಟ್ಟು, ಪೂರಾ ಭಾರ ಬಿಟ್ಟು, ಮೂರು ಸಲ ಒತ್ತಿದಳು. ಕಟಕ್ ಎಂದಿತು. "ಹೋತು ನೋಡ್ರಿ, ಚಳಕ ಹೋತು" ಎಂದು ಮಂದಿ ಕೂಗಿದರು. ಸಾತಪ್ಪನೂ ಕೂಗಿದ. ಅವನ ಕೂಗು ಬೇರೆ ಥರದ್ದು.

ಅಂದಿನಿಂದ ಅವನಿಗೆ ಏಳಲಾಗಲಿಲ್ಲ. ನೋವು ಟೊಂಕದಿಂದ ಇಳಿದು ತೊಡೆ ಹಿಡಿದು ಹಿಮ್ಮಡದ ತನಕ ಬೆಂಕಿ ಎಳೆದಂತೆ ಹರಿಯುತ್ತಿತ್ತು. ಬಲಗಾಲಿನ ಬೆರಳುಗಳಿಗೆ ಮುಟ್ಟಿದ್ದು ತಿಳಿಯದಾಯಿತು. ಹಿಂಗಾರಿ ಬಿತ್ತನೆಗೆ ಎರಡು ತಿಂಗಳೂ ಇರಲಿಲ್ಲ. ಕೂರಿಗೆ ಹಿಡಿಯುವುದಿರಲಿ, ಇವನು ಇನ್ನು ನಡೆದಾನೋ ಇಲ್ಲವೋ ಎಂದು ಓಣಿಯಲ್ಲಿ ಪಿಸುಮಾತು ಶುರುವಾಯಿತು.

ಯಾರದೋ ದೃಷ್ಟಿ ತಾಗಿದೆ ಎಂದಳು ಕೆಂಪವ್ವ. ಯಾರದು ಎಂದು ಹುಡುಕಿದಾಗ ಆಕೆಯ ಕಣ್ಣು ದೂರ ಹೋಗಲಿಲ್ಲ, ಸೊಸೆ ತಾಯವ್ವನ ಮೇಲೆಯೇ ನಿಂತಿತು. ತಾಯವ್ವ ಮೂಡಲಗಿಯ ಕಡೆಯವಳು, ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಹೊಟ್ಟೆಯಲ್ಲಿ ಏನಿರುತ್ತದೋ ಯಾರಿಗೆ ಗೊತ್ತು ಎಂಬುದು ಮದುವೆಯಾದ ದಿನದಿಂದಲೂ ಕೆಂಪವ್ವನ ಗುಮಾನಿ. ಆ ಗುಮಾನಿ ಸುಳ್ಳಾಗಲಿಲ್ಲ ಎಂದು ಆಕೆಗೆ ಅನಿಸುವಂತೆ, ಕೆಂಪವ್ವ ನೆಂಟರ ಮನೆಯ ಕೂಸಿನ ಹೆಸರಿಡುವ ಕಾರ್ಯಕ್ಕೆ ಗೋಕಾಕಕ್ಕೆ ಹೋದ ದಿನವೇ ತಾಯವ್ವ ಬಾಜೂ ಮನೆಯ ಅಪ್ಪಣ್ಣನ ಗಾಡಿ ಹೂಡಿಸಿ, ಗಂಡನನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಘಟಪ್ರಭಾದ ದವಾಖಾನೆಗೆ ಹೋಗಿಬಿಟ್ಟಳು.

ಕೆಂಪವ್ವ ಬಂದು ನೋಡಿದರೆ ಮನೆಗೆ ಬೀಗ. ಆ ಬೀಗ ಊರಿಗೆಲ್ಲ ಕಂಡಿತ್ತು. ಕಾಲು ಮುಂದಾಗಿ ಹುಟ್ಟಿದವಳ ಮಗ ಟೊಂಕಕ್ಕೆ ದವಾಖಾನೆಗೆ ಹೋದ ಎಂದ ಮೇಲೆ ಇನ್ನು ಯಾರು ಬಂದು ಈ ಹೊಸ್ತಿಲ ಮುಂದೆ ಮಲಗುತ್ತಾರೆ? ಮುಂದಿನ ರವಿವಾರ ಬಂದದ್ದು ಇಬ್ಬರೇ.

ಹದಿನೆಂಟು ದಿನದ ಮೇಲೆ ಸಾತಪ್ಪ ಬಂದ. ಗಾಡಿಯಿಂದ ತಾನೇ ಇಳಿದ. ಕೋಲೂರಿಕೊಂಡು, ಒಂದು ಕಾಲು ತುಸು ಎಳೆಯುತ್ತ, ಆದರೂ ನಡೆದೇ ಪಡಸಾಲೆ ಹತ್ತಿದ. ಕೆಂಪವ್ವನಿಗೆ ಅಳು ಬಂತು. ಅಳು ನಿಂತ ಕೂಡಲೇ ಅನುಮಾನ ಬಂತು.

"ಔಷಧದ ಬಾಟಲಿ ಎಲ್ಲಿ?" ಎಂದು ಸೊಸೆಯ ಗಂಟು ಬಿಚ್ಚಿ ನೋಡಿದಳು.

"ಬಾಟಲಿ ಇಲ್ರಿ ಅತ್ತಿ."

"ಹಚ್ಚಾಕ ಎಣ್ಣಿ?"

"ಎಣ್ಣೀನೂ ಇಲ್ರಿ. ಕಸರತ್ತ ಹೇಳಿಕೊಟ್ಟಾರ. ದಿನಾ ಮೂರು ಹೊತ್ತು ಮಾಡಬೇಕಂತ."

ಗಂಟಿನಲ್ಲಿ ಇದ್ದದ್ದು ಒಂದೇ ಕಾಗದ. ಅದರ ಮೇಲೆ ಪೆನ್ಸಿಲಿನಿಂದ ಬರೆದ ಮನುಷ್ಯ. ಒಂದು ಕಡೆ ಬೋರಲು ಮಲಗಿ ಎದೆ ಎತ್ತಿದ್ದಾನೆ, ಒಂದು ಕಡೆ ಅಂಗಾತ ಮಲಗಿ ಮೊಣಕಾಲು ಮಡಚಿ ಟೊಂಕ ಎತ್ತಿದ್ದಾನೆ. ಕೆಂಪವ್ವ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದಳು. ಅವಳಿಗೆ ಅದು ಯಾರೋ ಮಾಟ ಮಾಡಲು ಬರೆದ ಗೊಂಬೆಯಂತೆ ಕಂಡಿತು.

ಸಾತಪ್ಪ ಮಾತ್ರ ಕಾಗದದ ಗೊಂಬೆ ಹೇಗಿತ್ತೋ ಹಾಗೇ ಮಾಡುತ್ತಿದ್ದ. ಒಳಕೋಣೆಯ ಬಾಗಿಲು ಮುಂದೆ ಮಾಡಿ, ಚಾಪೆ ಹಾಸಿ, ಬೋರಲು ಮಲಗಿ ಮೊಣಕೈ ಮೇಲೆ ಎದೆ ಎತ್ತುವನು. ತಾಯವ್ವ ಮೆಲ್ಲಗೆ ಒಂದರಿಂದ ಹತ್ತರ ತನಕ ಎಣಿಸುವಳು. ಕೆಂಪವ್ವ ಹೊರಗೆ ಅಕ್ಕಿ ಆರಿಸುವ ನೆವ ಮಾಡಿ ಬಾಗಿಲ ಸಂದಿಗೆ ಕಣ್ಣಿಟ್ಟು ಕೂರುವಳು. ಔಷಧವಿಲ್ಲ, ಸೂಜಿಯಿಲ್ಲ, ಮಂತ್ರವಿಲ್ಲ. ಮಲಗುವುದು, ಏಳುವುದು. ಇಷ್ಟಕ್ಕೇ ಗುಣವಾಗುವುದಾದರೆ ಲೋಕದಲ್ಲಿ ಯಾರಿಗೂ ಟೊಂಕ ನೋಯಬಾರದಿತ್ತು ಎಂದು ಆಕೆ ಲೆಕ್ಕ ಹಾಕಿದಳು. ಏನೋ ಮುಚ್ಚಿಡುತ್ತಿದ್ದಾರೆ.

ಆದರೆ ಮಗನ ಕೋಲು ಎರಡು ವಾರದಲ್ಲಿ ಮೂಲೆ ಸೇರಿತು. ಬಲಗಾಲಿನ ಹೆಬ್ಬೆರಳಿಗೆ ಮುಟ್ಟಿದರೆ ತಿಳಿಯತೊಡಗಿತು. ಅದನ್ನು ನೋಡಿ ಹಿಗ್ಗಬೇಕಾದ ತಾಯಿ ರೊಟ್ಟಿ ಬಡಿಯುತ್ತ ಒಂದೇ ಚಿಂತೆಗೆ ಬಿದ್ದಳು. ಇದು ಯಾರ ಗುಣ?

ಎಂಟು ದಿನಕ್ಕೊಮ್ಮೆ ದವಾಖಾನೆಗೆ ಹೋಗಿ ತೋರಿಸಬೇಕಿತ್ತು. ಮುಂದಿನ ಸಲ ಕೆಂಪವ್ವ ಹೇಳದೆ ಕೇಳದೆ ಗಾಡಿ ಹತ್ತಿ ಕೂತಳು.

ದವಾಖಾನೆಯಲ್ಲಿ ಕಸರತ್ತು ಕಲಿಸುವವಳ ಹೆಸರು ಕಮಲಾಬಾಯಿ. ಮುಂಬಯಿಯಲ್ಲಿ ಎರಡು ವರ್ಷ ಇದನ್ನೇ ಕಲಿತು ಬಂದವಳು. ಬಡಕಲು ಮೈ, ಮೂವತ್ತರ ಒಳಗಿನ ವಯಸ್ಸು, ಮಾತಿನಲ್ಲಿ ಅರ್ಧ ಮರಾಠಿ. ಎಲ್ಲರೂ ಆಕೆಯನ್ನು ಕಸರತ್ತಿನ ಬಾಯಿ ಎನ್ನುತ್ತಿದ್ದರು. ಬಿಸಿನೀರಿನಲ್ಲಿ ಹಿಂಡಿದ ಅರಿವೆಯನ್ನು ಬೆನ್ನ ಮೇಲೆ ಹಾಕುವಳು, ಅಂಗೈಯಿಂದ ನೀವುವಳು, ಆಮೇಲೆ ರೋಗಿಯ ಕೈಯಲ್ಲೇ ಎಲ್ಲ ಮಾಡಿಸುವಳು. ನೆಲದ ಮೇಲಿನ ಬಕೀಟು ಎತ್ತುವುದನ್ನು ಕೂಡ ಕಲಿಸುತ್ತಿದ್ದಳು.

"ಬಗ್ಗಿ ಎತ್ತಬ್ಯಾಡ್ರಿ ಸಾತಪ್ಪಾ. ಮೊಣಕಾಲ ಮಡಚಿ ಕೂಡ್ರಿ. ಬಕೀಟ ಮೈಗೆ ಹತ್ತಿರ ತಗೊಳ್ರಿ. ಈಗ ಏಳ್ರಿ. ಬರೋಬರ್."

ಕೆಂಪವ್ವನ ಕಣ್ಣು ಬಕೀಟಿನ ಮೇಲೆ ಇರಲಿಲ್ಲ, ಕಲಿಸುವವಳ ಕಾಲ ಮೇಲಿತ್ತು. ಕಮಲಾಬಾಯಿ ಬಿಳಿ ಕ್ಯಾನ್ವಾಸಿನ ಬೂಟು ಹಾಕಿದ್ದಳು. ಗಂಡಸರು ಕೂಡ ಚಪ್ಪಲಿ ಹೊರಗೆ ಬಿಟ್ಟು ಬಂದಿರುವಾಗ ಈಕೆ ಮಾತ್ರ ಬೂಟು ಬಿಚ್ಚಲಿಲ್ಲ. ಚಾಪೆಯ ಹತ್ತಿರ ಕೂತಾಗಲೂ ಬಿಚ್ಚಲಿಲ್ಲ.

ಕೆಂಪವ್ವನ ತಲೆಯಲ್ಲಿ ಎಲ್ಲ ಬೆಳಗಾಯಿತು. ಈಕೆಯೂ ಕಾಲು ಮುಂದಾಗಿ ಹುಟ್ಟಿದವಳು! ಕಾಲನ್ನು ಬೂಟಿನಲ್ಲಿ ಮುಚ್ಚಿ, ಮಂದಿಯ ಮುಂದೆ ಕೈಯಿಂದ ನೀವಿದಂತೆ ಮಾಡಿ, ಯಾರೂ ಇಲ್ಲದಾಗ ತುಳಿಯುತ್ತಾಳೆ. ಕಸರತ್ತು, ಕಾಗದ, ಬಕೀಟು ಎಲ್ಲ ಬರೀ ಸೋಗು. ಗುಣ ಕಾಲಿನದ್ದೇ. ಅಂದರೆ ತನ್ನ ನಂಬಿಕೆ ಸುಳ್ಳಲ್ಲ, ಬರೀ ಈಕೆಯ ಕಾಲು ತನ್ನ ಕಾಲಿಗಿಂತ ಎಳೆಯದು. ಕೆಂಪವ್ವನಿಗೆ ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು.

ಹೊರಗೆ ಕಸ ಹೊಡೆಯುತ್ತಿದ್ದ ಕರೆವ್ವನನ್ನು ಮಾತಿಗೆಳೆದು ಕೇಳಿದಾಗ ಕಮಲಾಬಾಯಿಯ ಊರು ಹುಕ್ಕೇರಿ ಎಂದು ತಿಳಿಯಿತು. ಅರಿವೆ ಅಂಗಡಿಯ ಧರಣೇಂದ್ರಪ್ಪನ ಮಗಳು, ಜೈನರ ಮನೆ. ಇಷ್ಟು ಸಾಕಾಯಿತು.

ಎರಡು ದಿನ ಬಿಟ್ಟು ಕೆಂಪವ್ವ ಗೋಕಾಕದ ನೆಂಟರ ಕೂಸು ನೋಡಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಘಟಪ್ರಭಾದಲ್ಲಿ ಮೋಟಾರು ಹಿಡಿದು ಹುಕ್ಕೇರಿಯಲ್ಲಿ ಇಳಿದಳು. ಅರಿವೆ ಅಂಗಡಿಯ ಕಡೆ ಸುಳಿಯಲಿಲ್ಲ. ಮನೆಯವರು ನಿಜ ಹೇಳುವುದಿಲ್ಲ. ಹುಟ್ಟಿದ್ದು ಹೇಗೆ ಎಂದು ಖರೆ ಗೊತ್ತಿರುವವಳು ಹಿಡಿದು ಎಳೆದವಳು ಮಾತ್ರ. ಕೇಳುತ್ತ ಕೇಳುತ್ತ ಹೋಗಿ ಊರಿನ ಹಳೆಯ ಸೂಲಗಿತ್ತಿ ದುಂಡವ್ವನ ಮನೆ ಮುಟ್ಟಿದಳು.

ದುಂಡವ್ವ ಎಂಬತ್ತರ ಹತ್ತಿರದ ಮುದುಕಿ, ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ಕೆಂಪವ್ವ ತಾನು ಮಮದಾಪುರದವಳು, ನೆಂಟರ ಸೊಸೆಗೆ ದಿನ ತುಂಬಿದೆ, ಚಲೋ ಸೂಲಗಿತ್ತಿ ಬೇಕಾಗಿದ್ದಾಳೆ ಎಂದು ಶುರು ಮಾಡಿದಳು.

"ಸೂಲಗಿತ್ತಿ ಹುಡಿಕ್ಕೊಂಡ ಮಮದಾಪುರದಿಂದ ಹುಕ್ಕೇರಿತನಕ ಬಂದಿಯೇನ? ಅಲ್ಲಿಂದ ಇಲ್ಲಿಗೆ ಬರೂದ್ರಾಗ ಆ ಕೂಸು ಹುಟ್ಟಿ, ನಡದಾಡಿ, ಸಾಲಿಗೆ ಹೋಗಿರತೈತಿ. ಖರೆ ಏನೈತಿ ಹೇಳು" ಎಂದಳು ದುಂಡವ್ವ.

ಸಿಕ್ಕಿಬಿದ್ದ ಕೆಂಪವ್ವ ನೇರವಾಗಿ ಕೇಳಿದಳು. "ಧರಣೇಂದ್ರಪ್ಪನ ಮಗಳು ಕಮಲಾಬಾಯಿ, ಆಕಿ ಹುಟ್ಟಿದಾಗ ನೀ ಇದ್ದೆಲ್ಲಬೇ? ಕಾಲ ಮೊದಲ ಬಂತೋ, ತಲಿ ಮೊದಲ ಬಂತೋ?"

ದುಂಡವ್ವ ಕುಟ್ಟುವುದನ್ನು ನಿಲ್ಲಿಸಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. "ತಲಿ. ಚಂದಂಗ ತಲಿ ಮುಂದ ಮಾಡಿ ಬಂತು. ಅವರವ್ವ ಜಿನ್ನವ್ವ ಎರಡ ಸಲ ಚೀರಿದ್ಲು, ಮೂರನೇದಕ್ಕ ಕೂಸ ನನ್ನ ಕೈಯಾಗ ಇತ್ತು. ಯಾಕ?"

"ಖರೆ ಹೇಳಾಕತ್ತಿಯಿಲ್ಲೋ?"

"ನನಗ ಸುಳ್ಳ ಹೇಳಾಕ ಏನ ಬಂದೈತಿ?"

"ಹಂಗಾದ್ರ ಬೂಟ ಯಾಕ ಬಿಚ್ಚೂದಿಲ್ಲ ಆಕಿ?"

"ದವಾಖಾನಿ ಸಿಮಿಟಿನ ನೆಲ ಥಂಡಿ ಇರತೈತಿ, ಹಾಕ್ಕೊಂಡಿರತಾಳ. ಅದರಾಗ ಅವರು ಜೈನರು, ಚರ್ಮದ್ದ ಮೆಟ್ಟಂಗಿಲ್ಲ, ಅರಿವೀದ ಬೂಟ ಹಾಕ್ಕೊಂಡಾಳ. ನೀ ಬೂಟ ನೋಡಾಕ ಹೋಗಿದ್ದಿಯೋ, ಟೊಂಕ ತೋರಸಾಕ ಹೋಗಿದ್ದಿಯೋ?"

ಕೆಂಪವ್ವ ಸೆರಗು ಸರಿಮಾಡಿಕೊಂಡು, ತುಸು ಎತ್ತರದ ದನಿಯಲ್ಲಿ, ತಾನು ಕಾಲು ಮುಂದಾಗಿ ಹುಟ್ಟಿದವಳು ಎಂದು ಹೇಳಿದಳು. ಈ ಮಾತು ಕೇಳಿದವರು ಸಾಮಾನ್ಯವಾಗಿ ಎದ್ದು ನಿಲ್ಲುತ್ತಿದ್ದರು. ದುಂಡವ್ವ ಏಳಲಿಲ್ಲ.

"ಕಾಲ ಮುಂದಾದ ಕೂಸು ನಾ ಹನ್ನೊಂದ ತಗದೇನಿ ತಂಗಿ. ಆರು ನನ್ನ ಕೈಯಾಗ ಸತ್ತುವು. ಉಳದ ಐದೂ ಎಲ್ಲಾರಂಗ ಉಂಡು ತಿಂದು ಅದಾವು. ನಿಮ್ಮವ್ವ ಎಷ್ಟ ಕಷ್ಟಪಟ್ಟಿರಬೇಕು, ಅದನ್ನ ನೆನಸು" ಎಂದು ಮತ್ತೆ ಕುಟ್ಟತೊಡಗಿದಳು.

ಮೋಟಾರಿನಲ್ಲಿ ಮರಳುವಾಗ ಮುದುಕಿಯ ಕೊನೆಯ ಮಾತು ಕೆಂಪವ್ವನಿಗೆ ಚುಚ್ಚಿತು. ಚುಚ್ಚಿದ್ದನ್ನು ಆಕೆ ಕಿತ್ತು ಬಿಸಾಕಿದಳು. ಮೊದಲಿನ ಮಾತಷ್ಟೇ ಬೇಕಾಗಿತ್ತು. ತಲೆ ಮುಂದಾಗಿ ಹುಟ್ಟಿದವಳು! ಹಾಗಾದರೆ ಈ ಕಮಲಾಬಾಯಿಗೆ ಯಾವ ಗುಣವೂ ಇಲ್ಲ. ತಾನು ಮೂರು ರವಿವಾರ ತುಳಿದ ಗುಣವೇ ತಡವಾಗಿ ಈಗ ಕೈಗೂಡಿದೆ, ಹೆಸರು ಮಾತ್ರ ಈಕೆ ಹೊಡೆದುಕೊಂಡಿದ್ದಾಳೆ. ಸೊಸೆಗೂ ಇದು ಗೊತ್ತಿದೆ, ಗೊತ್ತಿದ್ದೇ ಅತ್ತೆಯ ಹೆಸರು ಕೆಡಿಸಲು ಈ ಆಟ ಹೂಡಿದ್ದಾಳೆ. ಎಲ್ಲರ ಮುಂದೆ ಇದನ್ನು ಬಯಲಿಗೆಳೆಯಬೇಕು ಎಂದು ಕೆಂಪವ್ವ ಮುಂದಿನ ಸರದಿಯ ದಿನವನ್ನು ಬೆರಳೆಣಿಸುತ್ತ ಕಾದಳು.

ಆ ದಿನ ದವಾಖಾನೆಯ ಬೆಂಚಿನ ಮೇಲೆ ಆರೇಳು ಮಂದಿ ಇದ್ದರು. ಸಾತಪ್ಪ ಚಾಪೆಯ ಮೇಲೆ ಅಂಗಾತ ಮಲಗಿ ಟೊಂಕ ಎತ್ತಿ ಇಳಿಸುತ್ತಿದ್ದ, ತಾಯವ್ವ ಬದಿಗೆ ನಿಂತಿದ್ದಳು. ಕೆಂಪವ್ವ ನಡುಮನೆಯಲ್ಲಿ ನಿಂತಂತೆ ಕೋಣೆಯ ನಡುವೆ ನಿಂತಳು.

"ಬಾಯಾರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನೀವು ತಲಿ ಮುಂದಾಗಿ ಹುಟ್ಟಿದಾವರು. ನಾ ಹುಕ್ಕೇರಿಗೆ ಹೋಗಿ ಕೇಳಿಕೊಂಡ ಬಂದೇನಿ. ಹೌದಿಲ್ಲೋ?"

ಕಮಲಾಬಾಯಿ ಬೆರಗಾಗಿ ನೋಡಿದಳು. ಬೆಂಚಿನವರೂ ಕಿವಿ ನೆಟ್ಟಗೆ ಮಾಡಿದರು.

"ಇರಬೇಕ್ರಿ ಮಾವಶಿ. ನನಗೇನ ನೆನಪಿಲ್ಲ" ಎಂದಳು ನಗುತ್ತ.

"ಹಂಗಾದ್ರ ನನ್ನ ಮಗನ ಟೊಂಕ ಗುಣ ಮಾಡಿದವರು ಯಾರು? ನಿಮ್ಮ ಕೈಯಾಗ ಔಷಧಿಲ್ಲ, ಸೂಜಿಲ್ಲ, ಕಾಲಿನ್ಯಾಗ ಗುಣಿಲ್ಲ. ಹೇಳ್ರಿ ಮತ್ತ, ನೀವೇನ ಮಾಡಿದ್ರಿ?"

"ನಾ ಏನೂ ಮಾಡಿಲ್ರಿ. ಮಾಡಿದಾಂವ ನಿಮ್ಮ ಮಗ."

ಕೆಂಪವ್ವನಿಗೆ ಈ ಉತ್ತರ ಬೇಕಾಗಿರಲಿಲ್ಲ. ಕಮಲಾಬಾಯಿ ಮಾತ್ರ ಸಿಟ್ಟಾಗದೆ, ಸಾತಪ್ಪನನ್ನು ಎಬ್ಬಿಸಿ ಬೋರಲು ತಿರುಗಿಸಿ, ಅವನ ಬೆನ್ನಿನ ಮೇಲೆ ಬೆರಳಿಟ್ಟು ತೋರಿಸಿದಳು.

"ನೋಡ್ರಿ ಮಾವಶಿ, ಇಲ್ಲಿ ಎಲುಬ ಒಂದರ ಮ್ಯಾಲೊಂದ ಕುಂತಾವು. ಎರಡರ ನಡುವ ಸಣ್ಣ ಗಾದಿ ಇರತೈತಿ. ಎಲುಬ ಹಿಡಕೊಂಡಿರೂದು ಬಾಜೂಕಿನ ಈ ಮಾಂಸ. ಇದು ಗಟ್ಟಿ ಇದ್ರ ಬೆನ್ನ ಗಟ್ಟಿ. ನೋವು ಬಂತಂತ ಮನಿಷ್ಯಾ ಮಲಗಿಬಿಡತಾನ, ಮಲಗಿದಷ್ಟೂ ಇದು ಸಡಲಾಕ್ಕತಿ. ದಿನಾ ಕಸರತ್ತ ಮಾಡಿದ್ರ ಮತ್ತ ಗಟ್ಟಿಯಾಕ್ಕತಿ, ನೋವೂ ಕಡಿಮಿಯಾಕ್ಕತಿ. ಇಷ್ಟ ನೋಡ್ರಿ. ಬಿತ್ತಿಗಿ ಟಾಯಮಕ್ಕ ಹೊಲಕ್ಕ ಹೋಗಬಹುದು, ಖರೆ ಇನ್ನ ಒಂದ ವರ್ಷ ಭಾರ ಎತ್ತಬಾರದು."

"ಗಾಲಿ ಎತ್ತಿದ್ದಕ್ಕ ಇಷ್ಟೆಲ್ಲಾ ಆತೇನ್ರಿ?" ಎಂದಳು ಕೆಂಪವ್ವ, ಇನ್ನೂ ಸೋಲದೆ.

"ಇಲ್ರಿ. ಗಾಲಿ ಎತ್ತಿದ್ದು ಬರೇ ಉಳುಕು. ಹದಿನೈದ ದಿನ ಸುಮ್ಮನ ಬಿಟ್ಟಿದ್ರ ತಾನ ಹೋಗತಿತ್ತು. ಆಮ್ಯಾಲೆ ಆತಲ್ಲ, ಅದ ನೋಡ್ರಿ ಕೆಡಿಸಿದ್ದು." ಆಕೆ ಮೇಜಿನ ಮೇಲಿನ ಕಾಗದ ತೆಗೆದು ಓದಿದಳು. "ಜ್ವಾಳದ ಚೀಲ ಮ್ಯಾಲಿಂದ ಬೆನ್ನ ಮ್ಯಾಲೆ ಬಿದ್ದಿದ್ದು. ಆ ಭಾರಕ್ಕ ಗಾದಿ ಹೊರಗ ಸರದು ಕಾಲಿನ ನರ ಒತ್ತೇತಿ. ಇನ್ನ ಸ್ವಲ್ಪ ಒತ್ತಿದ್ರ ಕಾಲ ಹೋಗತಿತ್ತು."

"ಯಾವ ಚೀಲ?" ಎಂದಳು ಕೆಂಪವ್ವ.

ಆ ವರ್ಷದ ಜೋಳ ಇನ್ನೂ ನೆಲದೊಳಗಿನ ಹಗೇವಿನಲ್ಲೇ ಇತ್ತು, ಒಂದು ಚೀಲವನ್ನೂ ಮೇಲೆ ತೆಗೆದಿರಲಿಲ್ಲ. ಕೆಂಪವ್ವ ಮಗನ ಕಡೆ ನೋಡಿದಳು. ಅವನು ಬೋರಲು ಮಲಗಿದಲ್ಲೇ ಮುಖವನ್ನು ಗೋಡೆಯ ಕಡೆ ಹೊರಳಿಸಿಕೊಂಡ. ಸೊಸೆಯ ಕಡೆ ನೋಡಿದಳು. ತಾಯವ್ವ ತಲೆ ಬಗ್ಗಿಸಿ ಸೆರಗಿನ ಅಂಚು ಮಡಚುತ್ತಿದ್ದಳು.

"ಇದನ್ನ ಯಾರು ಬರಸ್ಯಾರ್ರಿ?"

"ನಿಮ್ಮ ಸೊಸಿ" ಎಂದಳು ಕಮಲಾಬಾಯಿ. "ಬಂದ ದಿನಾನ ಹೇಳ್ಯಾಳ. ಯಾಕ್ರಿ?"

ದೃಷ್ಟಿ ಹಾಕಿದವಳು, ಹೆಸರು ಕೆಡಿಸುವವಳು ಎಂದು ತಾನು ಬಾಗಿಲ ಸಂದಿಯಲ್ಲಿ ಕಾವಲು ಕೂತದ್ದು ಇವಳ ಮೇಲೆ. ಇವಳು ಬಾಯಿ ಬಿಟ್ಟು ಒಂದು ಮಾತು ಅಂದಿದ್ದರೆ ಸಾಕಿತ್ತು, ತುಳಿದದ್ದಕ್ಕೇ ಕೆಟ್ಟಿತೆಂದು ದವಾಖಾನೆಯವರೇ ಹೇಳುತ್ತಿದ್ದರು, ಗಾಡಿ ಹೊಡೆದುಕೊಂಡು ಬಂದ ಅಪ್ಪಣ್ಣ ಅದನ್ನು ಊರಿಗೆಲ್ಲ ಸಾರುತ್ತಿದ್ದ. ಅನ್ನಲಿಲ್ಲ. ನೋವಿನಲ್ಲಿ ಹೊರಳುತ್ತಿದ್ದ ಗಂಡನ ಪಕ್ಕದಲ್ಲಿ ನಿಂತು, ಇಲ್ಲದ ಚೀಲವೊಂದನ್ನು ಹುಟ್ಟಿಸಿ, ಅತ್ತೆಯನ್ನು ಆ ಚೀಲದ ಹಿಂದೆ ಮುಚ್ಚಿಟ್ಟಳು. ಮಗನೂ ಹೂಂ ಅಂದ. ಕೆಂಪವ್ವನಿಗೆ ನಾಚಿಕೆಯಾಯಿತು. ಹುಟ್ಟಿದಾರಭ್ಯ ಆಗದಿದ್ದಷ್ಟು ನಾಚಿಕೆ. ಅದರ ಹಿಂದೆಯೇ ಹೆದರಿಕೆ ಬಂತು. ಇನ್ನು ಸ್ವಲ್ಪ ಒತ್ತಿದ್ದರೆ ಎಂದಳಲ್ಲ ಕಮಲಾಬಾಯಿ, ನಾಲ್ಕನೆಯ ರವಿವಾರವೂ ತುಳಿಯಬೇಕೆಂದು ತಾನು ಆಗಲೇ ಯೋಚಿಸಿದ್ದಳು.

"ಬಾಯಾರ, ಚೀಲ ಬಿದ್ದಿಲ್ರಿ."

"ಯವ್ವಾ, ಸುಮ್ಮನಿರಬೇ" ಎಂದ ಸಾತಪ್ಪ ಗೋಡೆಯ ಕಡೆಯಿಂದಲೇ.

"ನೀ ಸುಮ್ಮನಿರು. ಇಷ್ಟ ದಿನ ನೀವಿಬ್ಬರೂ ಸುಮ್ಮನಿದ್ದದ್ದ ಸಾಕು." ಕೆಂಪವ್ವ ಬೆಂಚಿನವರಿಗೂ ಕೇಳುವಂತೆ ಹೇಳಿದಳು. "ಅವನ ಬೆನ್ನ ಮ್ಯಾಲೆ ನಾ ನಿಂತಿದ್ನಿರಿ. ಮೂರು ರವಿವಾರ. ಕಡೀ ಸಲ ಎರಡೂ ಕಾಲಿಲೆ. ಮಂದಿ ನೋಡಾಕತ್ತಿದ್ರು, ಅದಕ್ಕ ಜೋರ ಮಾಡಿದ್ನಿ."

ಕಮಲಾಬಾಯಿ ಬೈಯುತ್ತಾಳೆ ಎಂದು ಕೆಂಪವ್ವ ಕಾದಳು. ಬೈದಿದ್ದರೆ ತಿರುಗಿ ಬೈಯಲು ಬರುತ್ತಿತ್ತು. ಆಕೆ ಬೈಯಲಿಲ್ಲ. ಪೆನ್ಸಿಲು ತೆಗೆದುಕೊಂಡು ಕಾಗದದಲ್ಲಿದ್ದ ಚೀಲವನ್ನು ಹೊಡೆದುಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಮಾವಶಿ, ನಿಮ್ಮ ಕಡೆ ಹಿಂಗ ತುಳಿಸಿಕೊಳ್ಳಾಕ ಮತ್ತ ಯಾರ್ಯಾರು ಬರತಿದ್ರು?"

ನಲವತ್ತು ವರ್ಷ. ಗುಣವಾದವರ ಹೆಸರುಗಳು ಕೆಂಪವ್ವನಿಗೆ ಬಾಯಿಪಾಠ. ಈಗ ಕಣ್ಣ ಮುಂದೆ ಬಂದು ನಿಂತವರು ಅವರಲ್ಲ. ಎರಡನೆಯ ರವಿವಾರಕ್ಕೆ ಬಾರದೇ ಹೋದವರು. ಮೂಡಲಗಿಯ ಹಮಾಲ ರಾಜಪ್ಪ, ಅವನನ್ನು ಅಣ್ಣತಮ್ಮಂದಿರು ಹೊತ್ತುಕೊಂಡು ಹೋಗಿದ್ದರು. ಬಾಣಂತನ ಮುಗಿದು ಟೊಂಕ ಹಿಡಿದಿದ್ದ ಗೌರಕ್ಕ, ಏಳುವಾಗ ಹಲ್ಲು ಕಚ್ಚಿ ಅತ್ತಿದ್ದಳು. ಅವರಿಗೆ ನಂಬಿಕೆ ಸಾಲದು ಎಂದು ತಾನೇ ಅಂದಿದ್ದಳು, ಅವರು ಕೇಳುವಂತೆಯೇ ಅಂದಿದ್ದಳು.

"ಅವರು ಬಂದ್ರ ಕಲಸತೀರೇನ್ರಿ ಬಾಯಾರ?"

"ಯಾರ ಬಂದ್ರೂ ಕಲಸತೀನಿ. ಎಷ್ಟ ಹಳೇ ನೋವಿದ್ರೂ ಸ್ವಲ್ಪ ಹಗುರ ಆಕ್ಕತಿ. ಆದ್ರ ಅವರು ನನ್ನ ಮಾತ ನಂಬಿ ಬರಬೇಕಲ್ಲ?"

"ನಾನ ಹೋಗಿ ಹೇಳತೇನ್ರಿ. ನನ್ನ ಮಾತ ಮಂದಿ ನಂಬತಾರ" ಎಂದಳು ಕೆಂಪವ್ವ.

ತಾಯವ್ವ ಬಂದು ಅತ್ತೆಯ ತೋಳು ಹಿಡಿದು ಬೆಂಚಿನ ತುದಿಯಲ್ಲಿ ಕೂರಿಸಿದಳು. ಕಮಲಾಬಾಯಿ ಹೊಸ ಕಾಗದ ತೆಗೆದುಕೊಂಡಳು. ಕೆಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಹತ್ತಿರದ ಊರಿನಿಂದ ಶುರು ಮಾಡಿ ಒಂದೊಂದೇ ಹೆಸರು ಹೇಳತೊಡಗಿದಳು.